ಗಂಟೆ ನಿಲ್ಲದೆ ಹೊಡೆದಾಗ: ಕ್ಯಾಂಪಸ್‌ಗೆ ಹೊಸದಾಗಿ ಬಂದವರಿಗೆ

ಪೀರಿಯಡ್ ಮುಗಿದ ಗಂಟೆ ಒಂದು ಸಲ ಹೊಡೆದು ಸುಮ್ಮನಾಗುತ್ತದೆ. ಸುಮ್ಮನಾಗದೆ ಹೊಡೆಯುತ್ತಲೇ ಇದ್ದರೆ ಎದ್ದು ಹೊರಡಬೇಕು. ಹೇಗೆ ಹೊರಡಬೇಕು, ಎಲ್ಲಿಗೆ ಹೋಗಬೇಕು, ಹೋದ ಮೇಲೆ ಏನು ಮಾಡಬೇಕು ಎಂಬುದನ್ನು ಈ ವರ್ಷ ಕುಮಾರಸ್ವಾಮಿ ಲೇಔಟ್‌ಗೆ ಓದಲು ಬಂದಿರುವವರಿಗೆ ಹೇಳಿಕೊಡೋಣ ಎಂದು ಬರೆಯುತ್ತಿದ್ದೇನೆ. ನೀವು ಹಾಸನದವರಿರಬಹುದು, ರಾಯಚೂರಿನವರಿರಬಹುದು, ಕಾಸರಗೋಡಿನಿಂದ ರೈಲು ಹತ್ತಿ ಬಂದವರೂ ಇರಬಹುದು. ಮೊದಲ ವಾರದಲ್ಲೇ ಸೀನಿಯರ್‌ಗಳು ನಿಮಗೆ ಜೆರಾಕ್ಸ್ ಅಂಗಡಿ ತೋರಿಸುತ್ತಾರೆ, ಯಾವ ದರ್ಶಿನಿಯಲ್ಲಿ ಇಡ್ಲಿ ಚೆನ್ನಾಗಿದೆ ಎನ್ನುತ್ತಾರೆ, ಯಲಚೇನಹಳ್ಳಿ ಮೆಟ್ರೊಗೆ ಒಳದಾರಿ ಯಾವುದು ಎಂದು ಹೇಳಿಕೊಡುತ್ತಾರೆ. ನಿಮ್ಮ ಕ್ಲಾಸಿನಿಂದ ಇಳಿಯಲು ಇರುವ ಎರಡನೇ ಮೆಟ್ಟಿಲು ಎಲ್ಲಿದೆ ಎಂದು ಮಾತ್ರ ಯಾರೂ ತೋರಿಸುವುದಿಲ್ಲ.

ಮೊದಲು ಜಾಗದ ಪರಿಚಯ. ಈ ಬಡಾವಣೆಯ ದೊಡ್ಡ ಕ್ಯಾಂಪಸ್ಸು, ದಯಾನಂದ ಸಾಗರ್ ವಿದ್ಯಾಸಂಸ್ಥೆಗಳದು, ಶಾವಿಗೆ ಮಲ್ಲೇಶ್ವರ ಬೆಟ್ಟದ ಮೇಲಿದೆ. ಸುತ್ತಲಿನ ಬೀದಿಗಳೂ ಸಪಾಟಾಗಿಲ್ಲ; ಏರಿದರೆ ಏರು, ಇಳಿದರೆ ಇಳಿಜಾರು. ಇಳಿಜಾರಿನಲ್ಲಿ ಕಟ್ಟಿದ ಕಟ್ಟಡಗಳಿಗೆ ಒಂದು ಗುಣವಿದೆ. ಮುಂದಿನಿಂದ ಒಳಗೆ ಬಂದವರಿಗೆ ಅದು ನೆಲಮಹಡಿ, ಹಿಂದಿನಿಂದ ನೋಡಿದವರಿಗೆ ಅದೇ ಎರಡನೇ ಮಹಡಿ. ಮೆಟ್ಟಿಲು ಮುಗಿಯುವತನಕ ಇಳಿಯುತ್ತಾ ಹೋದರೆ ರಸ್ತೆ ಸಿಗುತ್ತದೆ ಎಂದು ನಂಬಿ ಬೇಸ್‌ಮೆಂಟಿನ ಪಾರ್ಕಿಂಗ್ ತಲುಪಿಬಿಡಬಹುದು. ಹಾಗಾಗಿ ನಿಮ್ಮ ಕಟ್ಟಡದಲ್ಲಿ ಹೊರಬಾಗಿಲು ಯಾವ ಮಹಡಿಯಲ್ಲಿದೆ ಎಂಬುದೇ ಮೊದಲು ಕಲಿಯಬೇಕಾದ ಪಾಠ. ಇದು ಸಿಲಬಸ್‌ನಲ್ಲಿಲ್ಲ.

ಕಟ್ಟಡ ತೆರವಿನ ವಿಷಯ ಬಂದಾಗಲೆಲ್ಲ ಜನ ಜಪಾನನ್ನು ನೆನೆಯುತ್ತಾರೆ. ನೆನೆಯಲು ಕಾರಣವೂ ಇದೆ. 1923ರ ಸೆಪ್ಟೆಂಬರ್ 1ರಂದು ಬೆಳಿಗ್ಗೆ 11 ಗಂಟೆ 58 ನಿಮಿಷಕ್ಕೆ, ಮನೆಮನೆಯಲ್ಲೂ ಅಡುಗೆ ಒಲೆ ಉರಿಯುತ್ತಿದ್ದ ಹೊತ್ತಿಗೆ, ಟೋಕಿಯೊ ಮತ್ತು ಯೊಕೊಹಾಮಾ ಪ್ರದೇಶದಲ್ಲಿ ಭೂಮಿ ನಡುಗಿತು. ಸುಮಾರು 1,05,000 ಜನ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಬೆಂಕಿ. 1960ರಿಂದ ಸೆಪ್ಟೆಂಬರ್ 1 ಅಲ್ಲಿ ವಿಪತ್ತು ತಡೆಯ ದಿನ. ಅಂದು ಮಂತ್ರಿಗಳಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಅಣಕು ತೆರವು ಮಾಡುತ್ತಾರೆ. ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾಲ್ಕು ಅಕ್ಷರಗಳಿವೆ: ಓ, ಕ, ಶಿ, ಮೊ. ತಳ್ಳಬೇಡ, ಓಡಬೇಡ, ಮಾತಾಡಬೇಡ, ವಾಪಸ್ ಹೋಗಬೇಡ. ನಮ್ಮ ಮಗ್ಗಿಯ ಹಾಗೆ ಅದು ನಾಲಗೆಯ ಮೇಲೆ ಕೂತಿರುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿದ್ದಾಳೆ. ಲ್ಯಾಬಿನಲ್ಲಿದ್ದಾಗ ಒಮ್ಮೆ ಎಲ್ಲರ ಫೋನೂ ಏಕಕಾಲಕ್ಕೆ ಅರಚಿದವಂತೆ. ಬಾಗಿಲ ಹತ್ತಿರ ಇದ್ದವನು ಮೊದಲು ಬಾಗಿಲು ತೆರೆದು ಹಾಗೇ ನಿಲ್ಲಿಸಿದ. ಚೌಕಟ್ಟು ಸೊಟ್ಟಗಾದರೆ ಆಮೇಲೆ ತೆರೆಯಲಾಗುವುದಿಲ್ಲ ಎಂದು. ಒಬ್ಬಳು ಗ್ಯಾಸ್ ಬಂದ್ ಮಾಡಿದಳು. ಉಳಿದವರು ಮೇಜಿನಡಿ ಸೇರಿ ಅದರ ಕಾಲು ಹಿಡಿದು ಕೂತರು. ಅಲುಗಾಟ ನಿಂತ ಮೇಲೆ ಹೆಲ್ಮೆಟ್ ಹಾಕಿಕೊಂಡು ಮೈದಾನಕ್ಕೆ ನಡೆದರು. ಅಲ್ಲಿ ಪ್ರತಿ ಲ್ಯಾಬಿಗೂ ಒಬ್ಬರು ನಿಂತು ತಮ್ಮವರ ತಲೆ ಎಣಿಸಿ ವರದಿ ಕೊಟ್ಟರು. "ಮೇಡಂ, ಒಬ್ಬರೂ ಕಿರುಚಲಿಲ್ಲ. ನನಗೆ ಹೆದರಿಕೆ ಆಗಿದ್ದೇ ಅದಕ್ಕೆ" ಎಂದಳು. ರಾತ್ರಿ ವಿಶ್ವವಿದ್ಯಾಲಯದಿಂದ ಮೇಲ್ ಬಂತಂತೆ: ನೀವು ಕ್ಷೇಮವೇ, ಎಲ್ಲಿದ್ದೀರಿ, ಉತ್ತರಿಸಿ ಎಂದು. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಹೀಗೆ ಕ್ಷೇಮ ವಿಚಾರಿಸುವ ವ್ಯವಸ್ಥೆ ಇದೆ.

ಫೋನು ಅರಚುವುದರ ಹಿಂದಿನ ವಿಜ್ಞಾನ ಸರಳ. ಭೂಕಂಪದಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ಪಿ ಅಲೆ ವೇಗವಾಗಿ ಬರುತ್ತದೆ, ಹೆಚ್ಚು ಹಾನಿ ಮಾಡುವುದಿಲ್ಲ. ಎಸ್ ಅಲೆ ನಿಧಾನ, ಅಲುಗಾಡಿಸುವುದು ಅದೇ. ಪಿ ಅಲೆಯನ್ನು ಯಂತ್ರಗಳು ಹಿಡಿದ ತಕ್ಷಣ ಎಚ್ಚರಿಕೆ ಕಳಿಸಿದರೆ ಎಸ್ ಅಲೆ ಮುಟ್ಟುವ ಮೊದಲು ಕೆಲವು ಸೆಕೆಂಡ್ ಸಿಗುತ್ತವೆ. ದೂರದ ಊರಾದರೆ ಹತ್ತಾರು ಸೆಕೆಂಡ್, ತೀರಾ ಹತ್ತಿರವಾದರೆ ಒಂದೂ ಇಲ್ಲ. ಜಪಾನಿನ ಹವಾಮಾನ ಸಂಸ್ಥೆ ಈ ಎಚ್ಚರಿಕೆಯನ್ನು ಸಾರ್ವಜನಿಕರಿಗೆ ಕೊಡಲು ಶುರು ಮಾಡಿದ್ದು 2007ರ ಅಕ್ಟೋಬರ್ 1ರಂದು.

ಇದೆಲ್ಲ ಕೇಳಿ ನಮ್ಮ ಹುಡುಗರು ಗಂಟೆ ಹೊಡೆದ ಕೂಡಲೇ ಡೆಸ್ಕಿನ ಕೆಳಗೆ ನುಗ್ಗಬೇಕೇನೋ ಅಂದುಕೊಳ್ಳುತ್ತಾರೆ. ಬೇಡ. ಜಪಾನಿನವರ ಅಪಾಯ ಬೇರೆ, ನಮ್ಮದು ಬೇರೆ. ಬೆಂಗಳೂರು ನಿಂತಿರುವುದು ಹಳೆಯ ಗಟ್ಟಿ ಬಂಡೆಯ ಮೇಲೆ. ಲಾಲ್‌ಬಾಗಿನಲ್ಲಿ ನೀವು ಹತ್ತಿ ಫೋಟೊ ತೆಗೆಸಿಕೊಳ್ಳುವ ಬಂಡೆಯೂ ಅದೇ ಕುಲದ್ದು. ಭೂಕಂಪ ನಿರೋಧಕ ಕಟ್ಟಡಗಳ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ನಮ್ಮ ನಗರ ಎರಡನೇ ವಲಯದಲ್ಲಿದೆ. ಅದರಲ್ಲಿದ್ದ ನಾಲ್ಕು ವಲಯಗಳ ಪೈಕಿ ಅತಿ ಕಡಿಮೆ ಅಪಾಯದ್ದು ಅದು. ಹಾಗೆಂದು ದಖ್ಖನ್ ಪ್ರಸ್ಥಭೂಮಿಗೆ ಭೂಕಂಪವೇ ಬರದು ಎಂದು ತಿಳಿಯಬೇಡಿ. 1967ರ ಡಿಸೆಂಬರಿನಲ್ಲಿ ಕೊಯ್ನಾ, 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ನಡುಗಿದವು. ಕಿಲ್ಲಾರಿ ನಮ್ಮ ಬೀದರ್ ಜಿಲ್ಲೆಗೆ ತಾಗಿದ ಲಾತೂರ್ ಜಿಲ್ಲೆಯ ಊರು. ಅಂದು ಸತ್ತವರು ಹತ್ತು ಸಾವಿರದ ಆಸುಪಾಸು. ಬೆಂಗಳೂರಿನಲ್ಲಿ ಮಾತ್ರ 'ಭೂಮಿ ಅಲುಗಿತು' ಎಂದು ಜನ ಬೀದಿಗೆ ಬಂದದ್ದಕ್ಕೆ ಕೆಲವೊಮ್ಮೆ ಆಕಾಶ ಕಾರಣ. 2020ರ ಮೇ 20ರ ಮಧ್ಯಾಹ್ನ ಕೇಳಿಸಿದ ಭಾರಿ ಸದ್ದು ವಾಯುಪಡೆಯ ಪರೀಕ್ಷಾ ವಿಮಾನ ಶಬ್ದದ ವೇಗ ಮೀರಿ ಹಾರಿದ್ದರಿಂದ ಬಂದದ್ದು ಎಂದು ರಕ್ಷಣಾ ಇಲಾಖೆಯೇ ಹೇಳಿತು.

ಹಾಗಾದರೆ ನಮ್ಮನ್ನು ಹೊರಗೆ ಕಳಿಸುವ ಅಪಾಯ ಯಾವುದು? ಹೊಗೆ, ನೂಕುನುಗ್ಗಲು, ಮತ್ತೆ ಈಚಿನ ವರ್ಷಗಳಲ್ಲಿ ಇ-ಮೇಲ್.

ಹೊಗೆಯ ಪಾಠವನ್ನು ಬೆಂಗಳೂರು ಕಲಿತದ್ದು 2010ರ ಫೆಬ್ರವರಿ 23ರಂದು. ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ಕೇಬಲ್‌ಗಳು ಹೋಗುವ ಡಕ್ಟಿಗೆ ಬೆಂಕಿ ಹೊತ್ತಿಕೊಂಡಿತು. ಕಟ್ಟಡವೇನೂ ಧಗಧಗ ಉರಿಯಲಿಲ್ಲ. ಹೊಗೆ ಮೇಲೇರಿ ಮಹಡಿ ಮಹಡಿಗೂ ನುಗ್ಗಿತು, ಮೆಟ್ಟಿಲಿಗೆ ಇಳಿಯಲಾಗದಂತೆ ಮಾಡಿತು. ಉಸಿರು ಕಟ್ಟಿದವರು ಕಿಟಕಿ ಗಾಜು ಒಡೆದರು, ಕೆಲವರು ಹಾರಿದರು. ಒಂಬತ್ತು ಜನ ಹೋದರು. ಅವರ ಮನೆಯವರು ಮತ್ತು ಬದುಕಿ ಬಂದವರು ಸೇರಿ ಆಮೇಲೆ 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಯ ಬಗ್ಗೆ ತಿಳಿವಳಿಕೆ ಹೇಳುತ್ತಾ ಬಂದಿದ್ದಾರೆ.

ಕೆಳಗೆ ಬೆಂಕಿ ಬಿದ್ದಾಗ ಲಿಫ್ಟಿನ ಬಾವಿಯಾಗಲಿ, ಬಾಗಿಲು ತೆರೆದಿಟ್ಟ ಮೆಟ್ಟಿಲಾಗಲಿ ಹಳ್ಳಿಮನೆಯ ಹೊಗೆಗೂಡಿನ ಹಾಗೆ ಹೊಗೆಯನ್ನು ಮೇಲಕ್ಕೆ ಎಳೆಯುತ್ತವೆ. ಲಿಫ್ಟ್ ಹತ್ತಬೇಡಿ ಎನ್ನುವುದು ಅದಕ್ಕೆ. ಕರೆಂಟ್ ಹೋಗಿ ನಡುವೆ ಸಿಕ್ಕಿಕೊಂಡರೆ ಹೊಗೆ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಮೆಟ್ಟಿಲಿನ ಬಾಯಿಗೆ ಇರುವ ದಪ್ಪ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿರುವುದೂ ಅದಕ್ಕೆ. ಆ ಬಾಗಿಲು ಮುಚ್ಚಿದ್ದರೆ ಮೆಟ್ಟಿಲಿಗೆ ಹೊಗೆ ನುಗ್ಗುವುದಿಲ್ಲ, ಕೆಲವು ನಿಮಿಷವಾದರೂ. ಆದರೆ ದಿನವೂ ತಳ್ಳಿ ತಳ್ಳಿ ಬೇಸತ್ತ ಯಾರೋ ಅದಕ್ಕೆ ಅಡ್ಡಲಾಗಿ ಏನಾದರೂ ಇಟ್ಟಿರುತ್ತಾರೆ. ಇಟ್ಟಿಗೆ, ಕಸದ ಬುಟ್ಟಿ. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನೇ ಅಡ್ಡ ಇಟ್ಟಿದ್ದನ್ನೂ ನೋಡಿದ್ದೇನೆ. ಕಂಡರೆ ತೆಗೆದು ಬಾಗಿಲು ಮುಚ್ಚಿ. ಅನುಮತಿ ಕೇಳುತ್ತಾ ನಿಲ್ಲಬೇಡಿ.

ಹೊಗೆ ತುಂಬಿದ ಕಾರಿಡಾರಿನಲ್ಲಿ ಒಳ್ಳೆಯ ಗಾಳಿ ಇರುವುದು ನೆಲದ ಹತ್ತಿರ, ಏಕೆಂದರೆ ಬಿಸಿ ಹೊಗೆ ಸೂರಿಗೆ ಅಂಟಿಕೊಂಡಿರುತ್ತದೆ. ಬಗ್ಗಿ, ಬೇಕಾದರೆ ಅಂಬೆಗಾಲಿಟ್ಟು, ಗೋಡೆ ಮುಟ್ಟುತ್ತಾ ಹೋಗಿ. ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ಆಚೆ ಬೆಂಕಿಯಿದೆ. ಕೆಂಪು ಸಿಲಿಂಡರಿನ ಮೇಲೆ ಅತಿ ನಂಬಿಕೆ ಬೇಡ. ಪಿನ್ ಎಳೆದು, ಉರಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿತ್ತ ಆಡಿಸಬೇಕು. ಅದರ ಪುಡಿ ಕೆಲವೇ ಸೆಕೆಂಡುಗಳಲ್ಲಿ ಖಾಲಿ. ಕಸದ ಬುಟ್ಟಿಗೆ ಹೊತ್ತಿದ ಬೆಂಕಿಗೆ ಸಾಕು, ಕೋಣೆಗೆ ಹೊತ್ತಿದ್ದಕ್ಕೆ ಸಾಲದು.

ನೂಕುನುಗ್ಗಲಿನ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಸತ್ತ 11 ಜನರ ಸುದ್ದಿಯನ್ನು ನೀವು ಫೋನಿನಲ್ಲೇ ನೋಡಿದ್ದೀರಿ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿದರೆ 1981ರ ಫೆಬ್ರವರಿಯ ವೀನಸ್ ಸರ್ಕಸ್ ದುರಂತ ಹೇಳುತ್ತಾರೆ. ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಅವರಲ್ಲಿ ಮಕ್ಕಳೇ ಹೆಚ್ಚು. ಇಂಥ ಒತ್ತಡದಲ್ಲಿ ಅನೇಕರು ಸಾಯುವುದು ತುಳಿತಕ್ಕಿಂತ ಉಸಿರುಗಟ್ಟಿ. ಎದೆಗೂಡು ಹಿಗ್ಗಲು ಜಾಗವಿಲ್ಲದಿದ್ದರೆ ನಿಂತಲ್ಲೇ ಉಸಿರು ನಿಲ್ಲುತ್ತದೆ. ಹಿಂದಿನಿಂದ ತಳ್ಳುವವನಿಗೆ ಮುಂದೆ ಏನಾಗುತ್ತಿದೆ ಎಂಬುದು ಗೊತ್ತೇ ಆಗುವುದಿಲ್ಲ. ಜಪಾನಿನ ನಾಲ್ಕು ಅಕ್ಷರಗಳಲ್ಲಿ ಮೊದಲನೆಯದು 'ತಳ್ಳಬೇಡ' ಎಂದಿರುವುದು ಸರಿಯಾಗಿಯೇ ಇದೆ. ಮೆಟ್ಟಿಲಿನಲ್ಲಿ ಒಂದು ಕೈ ಕಂಬಿಯ ಮೇಲಿಟ್ಟು ಒಂದೇ ಬದಿಯಲ್ಲಿ ಇಳಿಯಿರಿ. ಇನ್ನೊಂದು ಬದಿ ಮೇಲೆ ಹತ್ತಿ ಬರುವ ಅಗ್ನಿಶಾಮಕ ಸಿಬ್ಬಂದಿಗೆ.

ಬನಶಂಕರಿ ಕಡೆಯ ಕಾಲೇಜೊಂದರಲ್ಲಿ ನಡೆದ ಅಣಕು ತೆರವನ್ನು ನಾನು ಕೆಳಗಿನ ಅಂಗಳದಲ್ಲಿ ನಿಂತು ನೋಡಿದ್ದೇನೆ. ಸೈರನ್ ಆಯಿತು. ತಕ್ಷಣಕ್ಕೆ ಯಾರೂ ಹೊರಗೆ ಬರಲಿಲ್ಲ. ಕಿಟಕಿಗಳಲ್ಲಿ ತಲೆಗಳು ಕಾಣಿಸಿದವು, ಕೈಗಳಲ್ಲಿ ಫೋನು. ಡ್ರಿಲ್ಲೋ ನಿಜವೋ ಎಂದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಕೇಳಿ, ಉತ್ತರ ಬಂದ ಮೇಲೆ ಎದ್ದರಂತೆ. ಎದ್ದವರೆಲ್ಲ ದಿನವೂ ಹತ್ತುವ ಮುಂದಿನ ಮೆಟ್ಟಿಲಿಗೇ ಬಂದರು. ಹಿಂದಿನ ಮೆಟ್ಟಿಲು ಖಾಲಿ ಬಿದ್ದಿತ್ತು. ಮನುಷ್ಯರ ಸ್ವಭಾವವೇ ಹಾಗೆ, ಒಳಗೆ ಬಂದ ದಾರಿಯಲ್ಲೇ ಹೊರಗೆ ಹೋಗಲು ನೋಡುತ್ತೇವೆ. ಎರಡನೇ ಮಹಡಿಯ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ಮಾತ್ರ ಸಾಲು ಪೂರ್ತಿ ನಿಂತೇಹೋಯಿತು. ಧೂಳು ಬರಬಾರದೆಂದು ಅಲ್ಲಿ ಚಪ್ಪಲಿ ಹೊರಗೆ ಬಿಡುವ ಪದ್ಧತಿ. ಬಾಗಿಲ ಮುಂದೆ ಅರವತ್ತು ಜೊತೆ ಷೂ, ಚಪ್ಪಲಿ ರಾಶಿಯಾಗಿ ಬಿದ್ದಿದ್ದವು, ಹೊರಗೆ ಬಂದ ಒಬ್ಬೊಬ್ಬರೂ ಬಗ್ಗಿ ತಮ್ಮದನ್ನು ಹುಡುಕುತ್ತಿದ್ದರು. ಒಬ್ಬ ಹುಡುಗ ಕೂತು ಲೇಸ್ ಕಟ್ಟಿಕೊಳ್ಳುತ್ತಿದ್ದ. ಜಪಾನಿನ ಯಾವ ಪುಸ್ತಕವೂ ಈ ಅಪಾಯವನ್ನು ನಮಗೆ ಹೇಳಿಕೊಡುವುದಿಲ್ಲ, ನಾವೇ ಕಂಡುಹಿಡಿದುಕೊಳ್ಳಬೇಕು. ಚಪ್ಪಲಿಯನ್ನು ಬಾಗಿಲಿನಿಂದ ದೂರ, ಗೋಡೆಗೆ ತಾಗಿಸಿ ಬಿಡಿ. ಗಂಟೆ ಹೊಡೆದರೆ ಬರಿಗಾಲಲ್ಲೇ ಹೊರಡಿ.

ಅಂದು ಇನ್ನೊಂದನ್ನೂ ಗಮನಿಸಿದೆ. ಗಾಲಿಕುರ್ಚಿಯ ಒಬ್ಬ ವಿದ್ಯಾರ್ಥಿ ಮೂರನೇ ಮಹಡಿಯಲ್ಲಿದ್ದ. ಲಿಫ್ಟ್ ನಿಲ್ಲಿಸಿದ್ದರು. ಅವನನ್ನು ಇಳಿಸುವವರು ಯಾರು ಎಂದು ಮೊದಲೇ ಗೊತ್ತು ಮಾಡಿರಲಿಲ್ಲ. ಅವನ ಗೆಳೆಯರೇ ಕುರ್ಚಿ ಎತ್ತಿ ತಂದರು, ಪುಣ್ಯ. ನಿಮ್ಮ ತರಗತಿಯಲ್ಲಿ ಅಂಥವರಿದ್ದರೆ, ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಾದರೂ ಸರಿ, ಇಬ್ಬರ ಹೆಸರು ಮೊದಲೇ ಗೊತ್ತಾಗಿರಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಟ್ಟಡದಿಂದ ಹೊರಗೆ ಬಂದ ಕೂಡಲೇ ತೆರವು ಮುಗಿಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಅಗ್ನಿಶಾಮಕ ದಳದವರು ಬಂದು ಇಳಿದ ಕ್ಷಣ ಕೇಳುವ ಪ್ರಶ್ನೆ 'ಒಳಗೆ ಯಾರಾದರೂ ಇದ್ದಾರಾ?' ಎಂದು. ಆ ಪ್ರಶ್ನೆಗೆ ಖಚಿತ ಉತ್ತರ ಕೊಡಲು ಆಗುವವರೆಗೂ ತೆರವು ಮುಗಿದಿಲ್ಲ. ಹಸಿರು ಹಲಗೆಯ ಮೇಲೆ 'ಅಸೆಂಬ್ಲಿ ಪಾಯಿಂಟ್' ಎಂದು ಬರೆದ ಜಾಗ ಇರುವುದೇ ತಲೆ ಎಣಿಸಲು. ಅಲ್ಲಿಗೆ ಬಂದು, ನಿಮ್ಮ ಕ್ಲಾಸಿನವರ ಜೊತೆ ನಿಂತು, ಹೆಸರು ಕೂಗಿದಾಗ ಓ ಎನ್ನಬೇಕು. ನಮ್ಮಲ್ಲಿ ಆಗುವುದೇನು? ಗೇಟು ದಾಟಿದ ತಕ್ಷಣ ಅರ್ಧ ಜನ ಟೀ ಅಂಗಡಿಗೆ, ಇನ್ನರ್ಧ ಬೈಕ್ ಹತ್ತಿ ಕದಿರೇನಹಳ್ಳಿ ಕಡೆಗೆ. ಎಣಿಸುವ ಮೇಷ್ಟ್ರ ಮುಂದೆ ನಿಂತವರು ಹದಿನೈದು ಜನ, ಪಟ್ಟಿಯಲ್ಲಿರುವವರು ಅರವತ್ತು.

ಆ ಪಟ್ಟಿಯಾದರೂ ನಿಜವೇ? ಇಲ್ಲಿ ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾದ ಒಂದು ತೊಂದರೆಯಿದೆ: ಪ್ರಾಕ್ಸಿ. ಗೆಳೆಯ ಬಂದಿಲ್ಲ, ಅವನ ಹೆಸರಿಗೆ ನೀವು 'ಪ್ರೆಸೆಂಟ್ ಸರ್' ಅಂದಿರಿ. ಎಪ್ಪತ್ತೈದು ಪರ್ಸೆಂಟ್ ಉಳಿಯಿತು, ಒಳ್ಳೆಯದು. ಅದೇ ಗಂಟೆಯಲ್ಲಿ ಕಟ್ಟಡಕ್ಕೆ ಬೆಂಕಿ ಬಿದ್ದರೆ? ರಿಜಿಸ್ಟರಿನ ಪ್ರಕಾರ ಅವನು ಒಳಗಿದ್ದಾನೆ. ಕೆಳಗೆ ಬಂದಿಲ್ಲ. ಉಸಿರಾಟದ ಸಿಲಿಂಡರ್ ಬೆನ್ನಿಗೇರಿಸಿಕೊಂಡ ಇಬ್ಬರು ಹೊಗೆಯೊಳಗೆ ಅವನನ್ನು ಹುಡುಕಲು ಹೋಗುತ್ತಾರೆ. ಅವನು ಪಿಜಿಯಲ್ಲಿ ಹೊದ್ದು ಮಲಗಿದ್ದಾನೆ. ಶಿಸ್ತಿನ ಮಾತು ಬಿಡಿ, ಅದರ ಬಗ್ಗೆ ಬೇರೆ ಮೇಷ್ಟ್ರುಗಳು ಬೇಕಾದಷ್ಟು ಹೇಳುತ್ತಾರೆ. ಪ್ರಾಕ್ಸಿ ಬೇಡ ಎನ್ನಲು ನನಗಿರುವ ಕಾರಣ ಆ ಇಬ್ಬರು.

ಎಣಿಕೆಯ ವಿಷಯದಲ್ಲೂ ಜಪಾನಿನಿಂದ ಕಲಿಯುವುದಿದೆ, ಆದರೆ ಅವರ ಗೆಲುವಿನಿಂದಲ್ಲ. 2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ 9.0 ತೀವ್ರತೆಯ ಭೂಕಂಪವಾಯಿತು. ಇಶಿನೊಮಾಕಿಯ ಓಕಾವಾ ಪ್ರಾಥಮಿಕ ಶಾಲೆಯ ಮಕ್ಕಳು ಕಲಿತಂತೆಯೇ ಶಿಸ್ತಾಗಿ ಆಟದ ಮೈದಾನಕ್ಕೆ ಬಂದರು. ಎಣಿಕೆಯೂ ಆಯಿತು. ಮುಂದೆ ಎಲ್ಲಿಗೆ ಎಂಬುದು ತೀರ್ಮಾನವಾಗದೆ ಸುಮಾರು ಐವತ್ತು ನಿಮಿಷ ಅಲ್ಲೇ ಉಳಿದರು. ಶಾಲೆಯ ಹಿಂದೆಯೇ ಗುಡ್ಡವಿತ್ತು. ಕೊನೆಗೆ ನದಿಯ ಸೇತುವೆಯ ಕಡೆಗೆ ಹೊರಟಾಗ ಸುನಾಮಿ ಬಂತು. 74 ಮಕ್ಕಳು, 10 ಶಿಕ್ಷಕರು ಹೋದರು. ಹೆತ್ತವರು ಕೋರ್ಟಿಗೆ ಹೋದರು. ಶಾಲೆಯ ಸುರಕ್ಷತಾ ಯೋಜನೆಯೇ ಸರಿಯಿರಲಿಲ್ಲ ಎಂದು 2018ರಲ್ಲಿ ಸೆಂಡೈ ಹೈಕೋರ್ಟ್ ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಅದೇ ದಿನ ಕಮೈಶಿ ಊರಿನ ಶಾಲಾ ಮಕ್ಕಳು ಮೊದಲು ಸೇರಿದ ಜಾಗ ಸಾಲದು ಅನ್ನಿಸಿದಾಗ ಇನ್ನೂ ಎತ್ತರಕ್ಕೆ ಓಡಿ ಉಳಿದುಕೊಂಡರು.

1923ರಲ್ಲೂ ಇಂಥದ್ದೇ ನಡೆದಿತ್ತು. ಟೋಕಿಯೊದ ಹೊಂಜೊ ಪ್ರದೇಶದಲ್ಲಿ ಸೇನೆಯ ಹಳೆಯ ಬಟ್ಟೆ ಕಾರ್ಖಾನೆಯ ಬಯಲಿತ್ತು. ಬಯಲು ಕ್ಷೇಮ ಎಂದು ಜನ ಹಾಸಿಗೆ, ಪೆಟ್ಟಿಗೆ, ಪೀಠೋಪಕರಣ ಹೊತ್ತು ಅಲ್ಲಿ ಸೇರಿದರು. ಹೊತ್ತು ತಂದ ಸಾಮಾನಿಗೇ ಬೆಂಕಿ ತಗುಲಿತು, ಬೆಂಕಿಯ ಸುಳಿಗಾಳಿ ಎದ್ದಿತು. ಆ ಒಂದು ಬಯಲಿನಲ್ಲೇ ಸುಮಾರು 38,000 ಜನ ಸುಟ್ಟುಹೋದರು. ಬ್ಯಾಗು, ಲ್ಯಾಪ್‌ಟಾಪು ಬಿಟ್ಟು ಬನ್ನಿ ಎಂದರೆ ಮುಖ ಸಣ್ಣದು ಮಾಡುವವರಿಗೆ ನಾನು ಇದನ್ನು ಹೇಳುತ್ತೇನೆ.

ನಮ್ಮ ಬಡಾವಣೆಗೆ ಸುನಾಮಿ ಬರುವುದಿಲ್ಲ. ಆದರೆ ಸೇರುವ ಜಾಗದ ಪ್ರಶ್ನೆ ಇಲ್ಲೂ ಇದೆ. ಅಸೆಂಬ್ಲಿ ಪಾಯಿಂಟ್ ಗೇಟಿನ ಎದುರಿಗೇ ಇದ್ದರೆ ಫೈರ್ ಎಂಜಿನ್ ಒಳಗೆ ಬರುವ ದಾರಿಗೆ ನೀವೇ ಅಡ್ಡ. ಕಟ್ಟಡಕ್ಕೆ ಅಂಟಿದ್ದರೆ ಮೇಲಿನಿಂದ ಗಾಜು ಬೀಳುತ್ತದೆ. ಅಲ್ಲಿ ಸಾಲದು ಅನ್ನಿಸಿದಾಗ ಎರಡನೇ ಜಾಗ ಯಾವುದು, ಹೊರಡಿ ಎಂದು ಹೇಳುವ ಅಧಿಕಾರ ಯಾರಿಗಿದೆ? ಓರಿಯೆಂಟೇಷನ್ ದಿನ ಕೈ ಎತ್ತಿ ಕೇಳಿ. ಉತ್ತರ ಗೊತ್ತಿರದ ಕಾಲೇಜಿಗೂ ಕೇಳಿದ ಮೇಲೆ ಉತ್ತರ ಹುಡುಕಬೇಕಾಗುತ್ತದೆ.

ಕೇಳುವ ಹಕ್ಕು ನಿಮಗಿದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಅದರ ಬೆನ್ನಿಗೆ ಬಂದ ಅವಿನಾಶ್ ಮೆಹರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪು ಕೊಟ್ಟು, ಸುರಕ್ಷಿತ ಕಟ್ಟಡದಲ್ಲಿ ಓದುವುದೂ ಶಿಕ್ಷಣದ ಹಕ್ಕಿನ ಭಾಗ ಎಂದಿತು.

ಇನ್ನು ಇ-ಮೇಲ್. 2023ರ ಡಿಸೆಂಬರ್ 1ರ ಬೆಳಿಗ್ಗೆ ಬೆಂಗಳೂರಿನ ಒಳಹೊರಗಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆ ಬಂತು. ಬಾಂಬ್ ನಿಷ್ಕ್ರಿಯ ದಳ, ಶ್ವಾನದಳ ಊರೆಲ್ಲ ಓಡಾಡಿ ಹುಸಿ ಎಂದು ಹೇಳುವಷ್ಟರಲ್ಲಿ ಶಾಲೆಗಳ ಮುಂದೆ ಹೆತ್ತವರ ಗುಂಪು ಸೇರಿತ್ತು. 2024ರ ಅಕ್ಟೋಬರಿನಲ್ಲಿ ಸರದಿ ಎಂಜಿನಿಯರಿಂಗ್ ಕಾಲೇಜುಗಳದು. ನಮ್ಮ ಪಕ್ಕದ ಬಸವನಗುಡಿಯ ಬಿ.ಎಂ.ಎಸ್. ಕಾಲೇಜಿಗೂ ಬಂತು, ಅದೂ ಹುಸಿ. 2025ರ ಜುಲೈ 18ರಂದು ಮತ್ತೆ ನಗರದ ಸುಮಾರು 40 ಶಾಲೆಗಳಿಗೆ.

ಇಲ್ಲಿಯ ನಡವಳಿಕೆ ಬೆಂಕಿಯದ್ದಕ್ಕಿಂತ ಬೇರೆ. ಹೊಗೆಯಿಲ್ಲ, ಹಾಗಾಗಿ ಸಮಯವಿದೆ. ಅವಸರದಿಂದಲೇ ಪೆಟ್ಟಾಗುವುದು ಹೆಚ್ಚು. ಯಾರದೆಂದು ತಿಳಿಯದ ಚೀಲ ಕಂಡರೆ ಮುಟ್ಟದೆ, ಅದರ ಹತ್ತಿರ ಫೋನ್ ಬಳಸದೆ, ದೂರ ಸರಿದು ಹೇಳಿ. ನಿಮ್ಮ ಬ್ಯಾಗನ್ನು ತೆಗೆದುಕೊಂಡು ಬನ್ನಿ ಎಂದು ಪೊಲೀಸರು ಹೇಳಿದರೆ ತನ್ನಿ, ಬಿಟ್ಟ ಚೀಲ ಕಡಿಮೆಯಾದಷ್ಟೂ ಅವರ ಹುಡುಕಾಟ ಬೇಗ ಮುಗಿಯುತ್ತದೆ. ಸೇರುವ ಜಾಗವೂ ಕಟ್ಟಡದಿಂದ ಇನ್ನಷ್ಟು ದೂರ ಇರಬೇಕು. ಮನೆಗೆ ಒಂದು ಮೆಸೇಜ್ ಹಾಕಿ: 'ಹೊರಗಿದ್ದೇನೆ, ಚೆನ್ನಾಗಿದ್ದೇನೆ, ಬರಬೇಡಿ'. ಸುಳ್ಯದಲ್ಲಿ ಕೂತ ಅಮ್ಮ ಟಿವಿ ನೋಡಿ ಕರೆ ಮಾಡುವ ಮೊದಲೇ ಅದು ತಲುಪಿದರೆ ನಿಮಗೂ ನೆಮ್ಮದಿ, ನೆಟ್‌ವರ್ಕಿಗೂ ನೆಮ್ಮದಿ. ಹುಸಿ ಎಂದು ಗೊತ್ತಾಗುತ್ತಾ ಗೊತ್ತಾಗುತ್ತಾ ಮುಂದಿನ ಸಲ ಏಳಲು ಬೇಜಾರಾಗುತ್ತದೆ, ನನಗೂ ಆಗುತ್ತದೆ. ಆದರೂ ಏಳುವುದು. ಅದರಲ್ಲಿ ಚರ್ಚೆಯಿಲ್ಲ.

ಇಷ್ಟು ಕಾಲೇಜಿನ ಮಾತಾಯಿತು. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಆತಂಕ ಇರುವುದು ನೀವು ರಾತ್ರಿ ಮಲಗುವ ಜಾಗದ ಬಗ್ಗೆ. ಕಾಲೇಜಿನಲ್ಲಿ ಅಗಲವಾದ ಮೆಟ್ಟಿಲಿದೆ, ಮೇಷ್ಟ್ರಿದ್ದಾರೆ, ಸೆಕ್ಯುರಿಟಿಯವರಿದ್ದಾರೆ. ಮೂವತ್ತಕ್ಕೆ ನಲವತ್ತರ ಸೈಟಿನಲ್ಲಿ ನಾಲ್ಕೈದು ಮಹಡಿ ಎಬ್ಬಿಸಿದ ಪಿಜಿಯಲ್ಲಿ ಇರುವುದು ಒಂದೇ ಮೆಟ್ಟಿಲು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಆ ಮೆಟ್ಟಿಲಿನ ಬುಡ ನೋಡಿ. ಗೋಡೆಯ ಮೇಲೆ ಸಾಲಾಗಿ ಬೆಸ್ಕಾಂ ಮೀಟರುಗಳು, ಪಕ್ಕದಲ್ಲಿ ಬೈಕುಗಳು, ಚಾರ್ಜಿಗೆ ಹಾಕಿದ ಒಂದು ಎಲೆಕ್ಟ್ರಿಕ್ ಸ್ಕೂಟರ್, ಹಿಂದೆ ಅಡುಗೆಮನೆ, ಖಾಲಿ ಮತ್ತು ತುಂಬಿದ ಗ್ಯಾಸ್ ಸಿಲಿಂಡರು. ಬೆಂಕಿ ಹೊತ್ತಬಹುದಾದ ವಸ್ತುಗಳನ್ನೆಲ್ಲ ಹೊರಹೋಗುವ ಏಕೈಕ ದಾರಿಯ ಬಾಯಲ್ಲಿ ಜೋಡಿಸಿಟ್ಟಿದ್ದೇವೆ. ರಾತ್ರಿ ಹತ್ತು ದಾಟಿದರೆ ಅದಕ್ಕೊಂದು ಕಬ್ಬಿಣದ ಗೇಟು, ಗೇಟಿಗೊಂದು ಬೀಗ. ಹೆಣ್ಣುಮಕ್ಕಳ ಪಿಜಿಗಳಲ್ಲಿ ಇದು ಖಾಯಂ, ಕ್ಷೇಮಕ್ಕೆಂದೇ ಹಾಕುತ್ತಾರೆ.

ಕೆಳಗಿನಿಂದ ಹೊಗೆ ಬರುತ್ತಿದ್ದರೆ ಆ ಮೆಟ್ಟಿಲಿಗೆ ಇಳಿಯಬೇಡಿ. ತಾರಸಿಯ ಬಾಗಿಲು ತೆರೆದಿದೆ ಎಂದು ಖಚಿತವಾಗಿ ಗೊತ್ತಿಲ್ಲದಿದ್ದರೆ ಮೇಲಕ್ಕೂ ಓಡಬೇಡಿ. ಕೋಣೆಗೆ ವಾಪಸ್ ಬಂದು ಬಾಗಿಲು ಮುಚ್ಚಿ, ಟವೆಲ್ಲೋ ಬೆಡ್‌ಶೀಟೋ ನೀರಲ್ಲಿ ಅದ್ದಿ ಬಾಗಿಲ ಸಂದಿಗೆ ತುರುಕಿ, ಬೀದಿ ಕಡೆಯ ಕಿಟಕಿಗೆ ಬನ್ನಿ. 112ಕ್ಕೆ ಫೋನ್ ಮಾಡಿ. ಕುಮಾರಸ್ವಾಮಿ ಲೇಔಟ್ ಎಂದಷ್ಟೇ ಹೇಳಿದರೆ ಸಾಲದು. ಇಲ್ಲಿ ಮೊದಲ ಹಂತ, ಎರಡನೇ ಹಂತ ಎಂದಿದೆ, ಅದರೊಳಗೆ ಮೇನು, ಕ್ರಾಸು. ಹಂತ, ಮೇನ್, ಕ್ರಾಸ್, ಎದುರಿಗಿರುವ ದೇವಸ್ಥಾನವೋ ಬೇಕರಿಯೋ ಅದರ ಹೆಸರು, ನೀವಿರುವ ಮಹಡಿ, ಈ ಕ್ರಮದಲ್ಲಿ ಹೇಳಿ. ಬಂದು ಎರಡೇ ವಾರವಾದ ಹುಡುಗರಿಗೆ ತಮ್ಮ ಪಿಜಿಯ ಕ್ರಾಸ್ ನಂಬರ್ ಗೊತ್ತಿರುವುದಿಲ್ಲ, ಗೂಗಲ್ ಮ್ಯಾಪಿನ ಚುಕ್ಕೆ ಮಾತ್ರ ಗೊತ್ತಿರುತ್ತದೆ. ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.

ಇವತ್ತು ರಾತ್ರಿ ಊಟಕ್ಕೆ ಇಳಿದಾಗ ಪಿಜಿಯ ಅಂಕಲ್‌ರನ್ನೋ ಆಂಟಿಯನ್ನೋ ಎರಡು ಪ್ರಶ್ನೆ ಕೇಳಿ: ಕೆಳಗಿನ ಗೇಟಿನ ಬೀಗದ ಇನ್ನೊಂದು ಕೀಲಿ ಒಳಗೆ ಯಾರ ಹತ್ತಿರ ಇರುತ್ತದೆ, ತಾರಸಿಯ ಕೀಲಿ ಎಲ್ಲಿದೆ? ಉತ್ತರ ಸಿಗದಿದ್ದರೆ ನಾಳೆಯೂ ಕೇಳಿ, ರೂಮ್‌ಮೇಟ್‌ಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ ಕೇಳಿ.